ಸಮಾಧಾನ ಹೇಳದ ಕೀರ್ತನೆ

ಇವತ್ತು ಬೈಬಲ್ ಬಗ್ಗೆ ಮಾತಾಡ್ತೀನಿ ಅಂದ ಕೂಡಲೇ ಕೆಲವರು ಇಯರ್‌ಫೋನ್ ತೆಗೆದುಬಿಡಬಹುದು. ಸ್ವಲ್ಪ ತಾಳಿ. ಪ್ರಸಂಗ ಮಾಡೋ ಯೋಗ್ಯತೆ ನನಗಿಲ್ಲ, ನಾನೊಬ್ಬ ಓದುಗ ಅಷ್ಟೇ.

ನಮ್ಮಪ್ಪ ತೀರಿಕೊಂಡು ಮೂರು ವರ್ಷ ಆಯಿತು. ಮಣ್ಣು ಮಾಡಿ ಬಂದ ದಿನ ಸಂಜೆ ಮನೆ ತುಂಬ ಜನ. ಒಬ್ಬೊಬ್ಬರೂ ನನ್ನ ಕೈ ಹಿಡಿದು ಹೇಳಿದ್ದು ಒಂದೇ ಮಾತು, ‘ದೇವರ ಚಿತ್ತ’. ಒಳ್ಳೆ ಮನಸ್ಸಿಂದಲೇ ಹೇಳಿದ್ದು, ಗೊತ್ತು. ಆದರೆ ಹತ್ತನೇ ಸಲ ಕೇಳಿದಾಗ ತಡೆಯಲಾಗದೆ ಎದ್ದು ಹೊರಗೆ ಹೋದೆ. ಬೈಬಲ್‌ನಲ್ಲಿ ಯೋಬನ ಕಥೆ ಇದೆಯಲ್ಲ, ಅವನ ಮೂವರು ಗೆಳೆಯರು ಬಂದು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಆ ಏಳು ದಿನ ಅವರು ಒಳ್ಳೆ ಗೆಳೆಯರೇ. ಬಾಯಿ ಬಿಟ್ಟ ಮೇಲೆ ಎಡವಟ್ಟು ಶುರುವಾಯಿತು.

ಆಮೇಲೆ ಸುಮಾರು ಆರು ತಿಂಗಳು ನಾನು ಪ್ರಾರ್ಥನೆ ಮಾಡಲಿಲ್ಲ. ಭಾನುವಾರ ಅಮ್ಮನ ಜೊತೆ ಚರ್ಚಿಗೆ ಹೋಗ್ತಿದ್ದೆ, ಹಾಡುವಾಗ ಬಾಯಿ ಆಡಿಸ್ತಿದ್ದೆ.

ಮತ್ತೆ ಬೈಬಲ್ ತೆರೆಯೋ ಹಾಗೆ ಮಾಡಿದ್ದು ಒಂದು ಕನ್ನಡ ಕಾವ್ಯ. ಮಂಜೇಶ್ವರದ ಗೋವಿಂದ ಪೈಗಳು ಬರೆದ ‘ಗೊಲ್ಗೊಥಾ’. ಯೇಸುವಿನ ಕೊನೆಯ ದಿನದ ಕಥೆ. ಪೈಗಳು ಕ್ರೈಸ್ತರಲ್ಲ. ಬುದ್ಧನ ಕೊನೆಯ ದಿನದ ಬಗ್ಗೆಯೂ ‘ವೈಶಾಖಿ’ ಅಂತ ಇನ್ನೊಂದು ಕಾವ್ಯ ಬರೆದವರು. ಭಾಷೆ ಸುಲಭ ಅಲ್ಲ, ಮೊದಲೇ ಹೇಳಿಬಿಡ್ತೀನಿ. ನಾನು ಪಕ್ಕದಲ್ಲಿ ಕಿಟೆಲ್ ನಿಘಂಟು ಇಟ್ಟುಕೊಂಡು ಓದಿದೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಹೊರತಂದ ನಿಘಂಟು ಅದು. ಕ್ರಿಸ್ತನ ಬಗ್ಗೆ ಕ್ರೈಸ್ತನಲ್ಲದ ಕವಿ ಬರೆದದ್ದು ಅರ್ಥ ಆಗೋಕೆ ಕ್ರೈಸ್ತ ಪಾದ್ರಿಯ ನಿಘಂಟು ಬೇಕಾಯಿತು! ನಮ್ಮ ಕರಾವಳಿಯಲ್ಲಿ ಹೀಗೆಲ್ಲ ಆಗುತ್ತೆ.

ಚಿಕ್ಕಂದಿನಿಂದ ನೂರಾರು ಸಲ ಕೇಳಿದ ಕಥೆ. ಕೇಳಿ ಕೇಳಿ ಕಿವಿಗೆ ಒಗ್ಗಿಹೋಗಿತ್ತು. ಆ ಕಾವ್ಯದ ಕನ್ನಡ ನನ್ನನ್ನು ನಿಧಾನ ಮಾಡಿಸಿತು. ಒಂದು ಪದಕ್ಕೆ ನಿಂತು, ಅರ್ಥ ಹುಡುಕಿ, ಮುಂದಕ್ಕೆ ಹೋಗಬೇಕು. ಹಾಗೆ ಹೋಗುವಾಗ ಮೊದಲ ಸಲ ಅಲ್ಲೊಬ್ಬ ಮನುಷ್ಯ ಸಾಯ್ತಿದ್ದಾನೆ ಅನ್ನಿಸಿತು.

ಮುಗಿಸಿ ಸುವಾರ್ತೆಗಳನ್ನು ತೆರೆದೆ. ಮತ್ತಾಯ, ಮಾರ್ಕ ಇಬ್ಬರೂ ಬರೆಯೋ ಒಂದು ವಿಷಯ ನನಗೆ ಗೊತ್ತೇ ಇತ್ತು, ಆದರೂ ಅವತ್ತು ತಾಗಿತು. ಶಿಲುಬೆಯ ಮೇಲೆ ಯೇಸು ಕೂಗೋದು 22ನೇ ಕೀರ್ತನೆಯ ಮೊದಲ ಸಾಲು. ದೇವರು ಕೈಬಿಟ್ಟನಲ್ಲ ಅಂತ ದೂರೋ ಸಾಲು. ಅಂದರೆ, ಪ್ರಾಣ ಹೋಗೋ ಹೊತ್ತಲ್ಲಿ ಅವನ ಬಾಯಿಗೆ ಬಂದದ್ದು ಬಾಯಿಪಾಠ ಬರ್ತಿದ್ದ ಒಂದು ಪದ್ಯ. ಅದೂ ಸ್ತೋತ್ರದ್ದಲ್ಲ, ತಕರಾರಿನದ್ದು.

ಅಲ್ಲಿಂದ ಕೀರ್ತನೆಗಳಿಗೆ ಬಂದೆ. 150ರಲ್ಲಿ ಎಷ್ಟೊಂದು ಬರೀ ಗೋಳು! ಆದರೆ ಹೆಚ್ಚಿನವು ಕೊನೆಗೆ ತಿರುಗುತ್ತವೆ. ಅತ್ತು ಅತ್ತು, ಕಡೆಗೆ ‘ಆದರೂ ನಿನ್ನನ್ನು ಕೊಂಡಾಡುವೆ’ ಅನ್ನೋ ಧಾಟಿ. 88ನೇದು ಮಾತ್ರ ತಿರುಗೋದಿಲ್ಲ. 18 ವಚನ, ಕತ್ತಲಲ್ಲೇ ಮುಗಿಯುತ್ತೆ. ಬೇಕಾದವರೆಲ್ಲ ದೂರವಾದರು, ನೀನೇ ದೂರ ಮಾಡಿದೆ ಅಂತ ದೇವರಿಗೇ ಹೇಳಿ, ನಿಲ್ಲಿಸಿಬಿಡ್ತಾನೆ. ನಾನು ಪುಟ ತಿರುಗಿಸಿ ನೋಡಿದೆ, ಇನ್ನೂ ಏನಾದರೂ ಇದೆಯಾ ಅಂತ. ಇಲ್ಲ. ಇದನ್ನು ಯಾರೋ ಬರೆದರು, ಇನ್ಯಾರೋ ತೆಗೆದುಹಾಕದೆ ಉಳಿಸಿಕೊಂಡರು. ನಂಬಿಕೆ ಇಲ್ಲದವನು ಇಷ್ಟು ಜಗಳ ಆಡೋದಿಲ್ಲ ಅಂತ ಅವರಿಗೆ ಗೊತ್ತಿತ್ತೇನೋ.

ಇನ್ನೊಂದು ಪುಸ್ತಕ, ‘ಪ್ರಲಾಪಗಳು’. ಬಾಬೆಲಿನ ಸೈನ್ಯ ಯೆರೂಸಲೇಮನ್ನು ಸುಟ್ಟ ಮೇಲಿನ ಅಳು. ತಾಯಂದಿರ ಮಡಿಲಲ್ಲಿ ಮಕ್ಕಳು ಊಟ ಕೇಳ್ತಾ ಕೇಳ್ತಾ ಪ್ರಾಣ ಬಿಡ್ತಾರೆ. ಇದರ ಮೊದಲ ನಾಲ್ಕು ಅಧ್ಯಾಯ ಹೀಬ್ರೂ ಅಕ್ಷರಮಾಲೆಯ ಕ್ರಮದಲ್ಲಿವೆ. ಆ ಭಾಷೆಯಲ್ಲಿ 22 ಅಕ್ಷರ. ಒಂದೊಂದು ಅಕ್ಷರದಿಂದ ಒಂದೊಂದು ವಚನ, ಮೂರನೇ ಅಧ್ಯಾಯದಲ್ಲಿ ಮೂರು ಮೂರು, ಅಲ್ಲಿಗೆ 66. ನಾವು ಅ, ಆ, ಇ, ಈ ಅಂತ ಅತ್ತ ಹಾಗೆ. ಕನ್ನಡ ಅನುವಾದದಲ್ಲಿ ಇದು ಕಾಣೋದಿಲ್ಲ, ಪಾಪ ಅನುವಾದಕರು ಏನು ಮಾಡ್ತಾರೆ? ಐದನೇ ಅಧ್ಯಾಯದಲ್ಲೂ ವಚನ 22 ಇವೆ, ಅಕ್ಷರದ ಕ್ರಮ ಮಾತ್ರ ಇಲ್ಲ. ಪಂಡಿತರು ಏನೇ ಕಾರಣ ಕೊಡಲಿ, ನನಗಂತೂ ಅಲ್ಲಿ ಅವನ ಕೈಲಿ ಇನ್ನು ಆಗಲಿಲ್ಲ ಅನ್ನಿಸುತ್ತೆ.

ಅಪ್ಪನ ಮೊದಲ ವರ್ಷದ ಪ್ರಾರ್ಥನೆಗೆ ವಾಚನ ಯಾವುದು ಅಂತ ಅಯ್ಯನವರು ಫೋನ್ ಮಾಡಿ ಕೇಳಿದರು. 88 ಅಂದೆ. ‘23 ಇಟ್ಟುಕೊಳ್ಳೋಣ, ಅಮ್ಮನಿಗೆ ಸಮಾಧಾನ ಆಗ್ತದೆ’ ಅಂದರು. ನಾನು ಒಪ್ಪಲಿಲ್ಲ. ನಾನೇ ಎದ್ದು ಓದಿದೆ. ಮುಗಿಸಿದ ಮೇಲೆ ಯಾರೂ ಆಮೆನ್ ಅನ್ನಲಿಲ್ಲ. ಫ್ಯಾನಿನ ಸದ್ದಷ್ಟೇ. ಅಮ್ಮ ತಲೆ ಎತ್ತಲೇ ಇಲ್ಲ. ತಪ್ಪು ಮಾಡಿದೆನಾ ಅಂತ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಎರಡು ದಿನ ಬಿಟ್ಟು, ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಾ, ನನ್ನ ಕಡೆ ನೋಡದೆ ಅಮ್ಮ ಕೇಳಿದರು: ‘ನೀನು ಓದಿದ್ದು ಎಷ್ಟನೇ ಕೀರ್ತನೆ? ಒಂದು ಚೀಟಿಯಲ್ಲಿ ಬರೆದಿಡು.’