ಬನ್ನಿ ತೊಗಟೆಯ ರೊಟ್ಟಿ



ದಸರಾ ಬಂದ್ರೆ ನಮ್ಮ ನಾಡಿನಲ್ಲಿ ಬನ್ನಿ ಮರಕ್ಕೆ ಪೂಜೆ. ಪಾಂಡವರು ಅದರ ಮೇಲೆ ಆಯುಧ ಬಚ್ಚಿಟ್ಟ ಕಥೆ ನಮಗೆಲ್ಲ ಗೊತ್ತು. ಉತ್ತರ ಕರ್ನಾಟಕದಲ್ಲಿ ಅದರ ಎಲೆಗೆ ಬಂಗಾರ ಅಂತಾರೆ. ಇದೇ ಮರ ರಾಜಸ್ಥಾನದ ಥಾರ್ ಮರುಭೂಮಿಯಲ್ಲಿ ಖೇಜಡಿ. ಅಲ್ಲಿ ಅದು ಅನ್ನ. ಆ ಅನ್ನದ ಮಾತನ್ನು ನಾವು ಆಡಬೇಕು.

ಯಾರೂ ನೀರು ಹಾಕದಿದ್ದರೂ ಬೇರನ್ನು ಬಲು ಆಳಕ್ಕಿಳಿಸಿ ಮರಳಲ್ಲಿ ನಿಲ್ಲುವ ಮರ ಇದು. ಸುಡುವ ಬೇಸಿಗೆಯಲ್ಲೇ ಕಾಯಿ ಬಿಡುತ್ತದೆ. ಎಳೇ ಕಾಯಿಗೆ ಸಾಂಗ್ರಿ ಅಂತ ಹೆಸರು. ಬೇಯಿಸಿ ಒಣಗಿಸಿಟ್ಟರೆ ವರ್ಷವಿಡೀ ಕೆಡದು. ಬೇಕಾದಾಗ ನೆನೆಹಾಕಿ, ಕೇರ್ ಅನ್ನೋ ಮುಳ್ಳುಪೊದೆಯ ಕಾಯಿ ಜತೆ ಪಲ್ಯ ಮಾಡಿ, ಸಜ್ಜೆ ರೊಟ್ಟಿಗೆ ಹಚ್ಚಿಕೊಂಡು ತಿಂತಾರೆ. ಹಸಿ ಕೇರ್ ಕಹಿ. ಉಪ್ಪುನೀರಲ್ಲೋ ಮಜ್ಜಿಗೆಯಲ್ಲೋ ಕೆಲವು ದಿನ ನೆನೆಸಿ ಆ ಕಹಿ ತೆಗೀಬೇಕು. ಖೇಜಡಿಯ ಮಾಗಿ ಒಣಗಿದ ಕಾಯಿ ಖೋಖಾ, ಅದು ಸಿಹಿ. ಎಲೆ ಆಡು, ಒಂಟೆಗಳಿಗೆ ಮೇವು.

1730ರಲ್ಲಿ ಜೋಧಪುರದ ರಾಜನ ಆಳುಗಳು ಅರಮನೆಯ ಸುಣ್ಣ ಸುಡೋಕೆ ಈ ಮರ ಕಡಿಯಲು ಬಂದರು. ಖೇಜಡ್ಲಿ ಊರಿನಲ್ಲಿ ಅಮೃತಾದೇವಿ ಮೊದಲಾಗಿ 363 ಬಿಷ್ಣೋಯಿ ಜನ ಮರ ತಬ್ಬಿ ಪ್ರಾಣ ಕೊಟ್ಟರು. ರಾಜನಿಗೆ ಅದು ಸೌದೆ, ಜನಕ್ಕೆ ಜೀವ.

1868-69ರ ರಾಜಪುತಾನ ಬರಗಾಲದಲ್ಲಿ ಹಸಿದವರು ಇದರ ತೊಗಟೆ ಸುಲಿದು, ಹಿಟ್ಟು ಮಾಡಿ, ರೊಟ್ಟಿ ತಟ್ಟಿ ಬದುಕಿದರು. ಆಯುಧ ಬಚ್ಚಿಟ್ಟ ಐವರ ಹೆಸರು ನಮ್ಮ ಬಾಯಲ್ಲಿದೆ. ತೊಗಟೆ ಬೀಸಿದ ಒಬ್ಬ ತಾಯಿಯ ಹೆಸರಾದ್ರೂ ನಮಗೆ ಗೊತ್ತೆ?

ಇವತ್ತು ಅದೇ ಕೇರ್ ಸಾಂಗ್ರಿ ದೊಡ್ಡ ಹೋಟೆಲುಗಳ ತಟ್ಟೆ ಏರಿದೆ. ಒಣಗಿದ ಸಾಂಗ್ರಿಗೆ ಪೇಟೆಯಲ್ಲಿ ದುಬಾರಿ ಬೆಲೆ. ಹಸಿದವನು ತಿಂದರೆ ಬರಗಾಲದ ಕೂಳು, ಉಳ್ಳವನು ತಿಂದರೆ ವಿಶೇಷ ಭೋಜನ! ಕಾಯಿಗೆ ಜಾತಿಯಿಲ್ಲ ಗೆಳೆಯರೆ. ಉಣ್ಣೋನ ಮುಖ ನೋಡಿ ಅದಕ್ಕೊಂದು ಜಾತಿ ಕಟ್ಟುತ್ತಾರೆ.

ಯಾವ ಕಾಯಿ ಯಾವಾಗ ಕೀಳಬೇಕು, ಕಹಿ ಹೇಗೆ ಇಳಿಸಬೇಕು, ಬರುವ ವರ್ಷಕ್ಕೆ ಹೇಗೆ ಕೂಡಿಡಬೇಕು, ಇದು ವಿದ್ಯೆ ಅಲ್ಲವೆ? ಹೊಲದ ಕಳೆಯ ನಡುವೆ ಅಣ್ಣೆಸೊಪ್ಪು ಗುರುತಿಸೋ ನಮ್ಮ ಅವ್ವಂದಿರ ಕಣ್ಣು ಯಾವ ಪ್ರೊಫೆಸರಿಗೆ ಕಡಿಮೆ? ರಜಕ್ಕೆ ಊರಿಗೆ ಹೋದಾಗ ಅವರನ್ನು ಕೇಳೋಣ, ಬರದಲ್ಲಿ ಏನು ತಿಂದಿರಿ ಅಂತ. ಹೇಳಿದ್ದನ್ನು ನೋಟ್ ಪುಸ್ತಕದಲ್ಲಿ ಬರೆದಿಡೋಣ. ಹೇಳಿದವರ ಹೆಸರನ್ನೂ ಬರೆಯೋಣ.