ಒಂದೇ ಕಂಪ್ಯೂಟರಿನಲ್ಲಿ ವಿಂಡೋಸೂ ಉಬುಂಟುವೂ
(ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣ)



2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ನಮ್ಮ ಲ್ಯಾಬಿನ ಹಳೆಯ ಯಂತ್ರಗಳಿಗೆ ವಿಂಡೋಸ್ 11 ಹೊಂದುವುದಿಲ್ಲ. ಹಾಗೆಂದು ಅವನ್ನು ಗುಜರಿಗೆ ಹಾಕಬೇಕಾಗಿಲ್ಲ. ವಿಂಡೋಸ್ ಇದ್ದ ಹಾಗೆಯೇ ಇರಲಿ, ಪಕ್ಕದಲ್ಲಿ ಉಬುಂಟು ಹಾಕಬಹುದು. ಯಂತ್ರ ಆನ್ ಮಾಡಿದಾಗ ಗ್ರಬ್ ಎಂಬ ಪಟ್ಟಿ ಬರುತ್ತದೆ, ಬೇಕಾದ್ದನ್ನು ಆರಿಸಿದರಾಯಿತು.

ಮೊದಲ ಸಲ ನಾನು ಮಾಡಿದ್ದನ್ನು ಹೇಳಿಬಿಡುತ್ತೇನೆ. 'ವಿಂಡೋಸ್ ಜೊತೆಗೆ' ಎಂಬುದರ ಬದಲು 'ಡಿಸ್ಕ್ ಅಳಿಸಿ' ಎಂಬುದನ್ನು ಒತ್ತಿದೆ. ನಿವೃತ್ತರಾದ ಉರ್ದು ಮೇಡಂ ಹನ್ನೊಂದು ವರ್ಷ ಟೈಪ್ ಮಾಡಿಟ್ಟಿದ್ದ ಪ್ರಶ್ನೆಪತ್ರಿಕೆಗಳೆಲ್ಲ ಹೋದವು. ಫೋನಿನಲ್ಲಿ ಅವರು "ಜಾನೇ ದೇ ಬೇಟಾ" ಎಂದರು. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಆದ್ದರಿಂದ ಮೊದಲ ಕೆಲಸ, ಕಡತಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡುವುದು. ಬಿಟ್‌ಲಾಕರ್ ಇದ್ದರೆ ಅದರ ಕೀ ಬರೆದಿಟ್ಟುಕೊಳ್ಳಿ, ಫಾಸ್ಟ್ ಸ್ಟಾರ್ಟಪ್ ನಿಲ್ಲಿಸಿ. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲೇ ಸಿ ಡ್ರೈವ್ ಕುಗ್ಗಿಸಿ ಒಂದು 40 ಜಿಬಿ ಖಾಲಿ ಬಿಡಿ. ಕರೆಂಟ್ ಹೋಗುವ ಹೊತ್ತಿನಲ್ಲಿ ಮಾತ್ರ ಈ ಕೆಲಸ ಬೇಡ.

ಉಬುಂಟುವಿನಲ್ಲಿ ಕನ್ನಡದ ಕಗಪ ಕೀಲಿಮಣೆ ಸಿಗುತ್ತದೆ. ನೋಟೊ ನಸ್ತಾಲಿಕ್ ಫಾಂಟ್ ಹಾಕಿಕೊಂಡರೆ ಉರ್ದುವೂ ಅಂದವಾಗಿ ಮೂಡುತ್ತದೆ. ಮೇಡಂ ಅವರ ಕೆಲವು ಪತ್ರಿಕೆಗಳ ಪ್ರಿಂಟ್ ಬೀರುವಿನಲ್ಲಿ ಸಿಕ್ಕಿವೆ. ಒಂಬತ್ತನೆಯ ತರಗತಿಯ ಹೆಣ್ಣುಮಕ್ಕಳು ಶನಿವಾರದಂದು ಅವನ್ನು ಮತ್ತೆ ಟೈಪ್ ಮಾಡುತ್ತಿದ್ದಾರೆ, ಉಬುಂಟುವಿನಲ್ಲೇ.