ಟೆವ್ಯೆಯ ಜೊತೆ ಮಾಗಿದ ಕಥೆಗಾರ



ಯಿಡ್ಡಿಷ್ ಕಥೆಗಾರ ಶೋಲೆಮ್ ಅಲೈಖೆಮ್, ಹಾಲು-ಬೆಣ್ಣೆ ಮಾರುವ ಟೆವ್ಯೆಯ ಮೊದಲ ಕಥೆ ಬರೆದದ್ದು 1894ರಲ್ಲಿ. ಅದರಲ್ಲಿ ಬಡವನ ಅದೃಷ್ಟ ಖುಲಾಯಿಸುತ್ತದೆ. ಬಾಯಿತುಂಬ ಮಾತು, ಧರ್ಮಗ್ರಂಥದ ವಾಕ್ಯಗಳನ್ನು ತಿರುಚಿ ಆಡುವ ತಮಾಷೆ. ಮುಂದೆ ಇಪ್ಪತ್ತು ವರ್ಷ ಲೇಖಕರು ಅವನ ಕೈ ಬಿಡಲಿಲ್ಲ. ಟೆವ್ಯೆಗೆ ವಯಸ್ಸಾಗುತ್ತದೆ, ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ದೂರವಾಗುತ್ತಾರೆ. ಅನ್ಯಧರ್ಮದವನನ್ನು ಮದುವೆಯಾದ ಮಗಳು ಖಾವಾ ಕಾಡುದಾರಿಯಲ್ಲಿ ಅಡ್ಡಬಂದು ಕುದುರೆಯ ಲಗಾಮು ಹಿಡಿಯುತ್ತಾಳೆ. ಅಪ್ಪ ಗಾಡಿ ಹೊಡೆದುಕೊಂಡು ಹೋಗಿಬಿಡುತ್ತಾನೆ. 1914ರ ಕಥೆಯಲ್ಲಂತೂ ಯೆಹೂದಿ ಎಂಬ ಕಾರಣಕ್ಕೆ ಊರನ್ನೇ ಬಿಡಬೇಕಾಗುತ್ತದೆ.

ಟೆವ್ಯೆಯ ಮಾತಿನ ಧಾಟಿ ಬದಲಾಗಲಿಲ್ಲ. ಆದರೆ ಮೊದಲು ನಗಿಸುತ್ತಿದ್ದ ಅದೇ ಮಾತು ಈಗ ಅಳು ತಡೆಯುವ ಉಪಾಯ. ಕಥೆಗಾರನ ಕಸುಬು ಮಾಗುವುದೆಂದರೆ ಯಾವಾಗಲೂ ಹೊಸ ವಿದ್ಯೆ ಕಲಿಯುವುದಲ್ಲ. ಗೊತ್ತಿರುವ ವಿದ್ಯೆಗೆ ಹೆಚ್ಚಿನ ಬದುಕನ್ನು ಹೊರಿಸುವುದೂ ಹೌದು.